ಕೋವಿಗೆ ಮುಂಚೆ ಮೂರು ಕೂಗು

ಮದುವೆಗೂ ಮಣ್ಣಿಗೂ ತೋಟಕ್ಕೂ ನನಗಿರುವುದು ಒಂದೇ ಜೊತೆ ಚಪ್ಪಲಿ. ಇದನ್ನು ನನ್ನಾಕೆ ಜಿಪುಣತನವೆನ್ನುತ್ತಾಳೆ, ನಾನು ಸಿದ್ಧಾಂತವೆನ್ನುತ್ತೇನೆ. ಸರ್ವಕಾರ್ಯಸಮರ್ಥವಾದ ಒಂದೇ ಒಂದು ವಸ್ತುವನ್ನು ಆರಿಸಿಕೊಂಡುಬಿಟ್ಟರೆ ಬಾಳಿನ ಅರ್ಧ ಗೊಂದಲ ತಾನಾಗಿ ತೀರುತ್ತದೆಂಬುದು ನನ್ನ ದೃಢವಾದ ನಂಬಿಕೆ. ಈ ನಂಬಿಕೆಯನ್ನೇ ಹೆಗಲಿಗೇರಿಸಿಕೊಂಡು ನಾನು ಬಂದೂಕಿನ ವಿಷಯಕ್ಕೂ ಕೈಹಾಕಿದೆನೆಂದರೆ ನೀವು ಗಾಬರಿಯಾಗಬಾರದು.

ಆದದ್ದಿಷ್ಟು. ಗುಬ್ಬಿ ಹತ್ತಿರದ ಕಡಬದ ಕೆರೆಯ ಕೆಳಗೆ ನಮ್ಮದೊಂದು ತೆಂಗಿನ ತೋಟವಿದೆ. ಅದನ್ನು ನೋಡಿಕೊಳ್ಳುವ ಸಿದ್ದಪ್ಪ ಚಿಕ್ಕಪ್ಪನ ಬಳಿ ಕೋತಿ, ಹಂದಿಗಳನ್ನು ಬೆದರಿಸಲು ಲೈಸೆನ್ಸಿನ ಹಳೆಯ ಒಂಟಿ ನಳಿಗೆಯ ಕೋವಿಯಿದೆ. ಆಯುಧಪೂಜೆಯಲ್ಲಿ ಮೂರು ಬೆರಳ ವಿಭೂತಿ ಧರಿಸಿ, ಚುನಾವಣೆ ಬಂದಾಗಲೆಲ್ಲ ಪೊಲೀಸ್ ಠಾಣೆಯಲ್ಲಿ ಠೇವಣಿಯಾಗಿ ಕುಳಿತು, ಮಿಕ್ಕ ದಿನಗಳಲ್ಲಿ ಆಕಾಶಕ್ಕೆ ಮಾತ್ರ ಗುಂಡು ಹಾರಿಸುವ ಆ ಸಾತ್ವಿಕ ಆಯುಧ ಈವರೆಗೆ ಒಂದು ಪ್ರಾಣಿಯನ್ನೂ ಕೊಂದಿಲ್ಲ. ಹೋದ ತಿಂಗಳು ಚಿಕ್ಕಪ್ಪ ಫೋನು ಮಾಡಿ, "ಇನ್ನ ನನ್ ಕೈಲಾಗಲ್ಲ ಕಣ್ಲಾ, ಲೈಸನ್ಸು ನಿನ್ ಹೆಸರಿಗೆ ಮಾಡಿಸ್ಕೊ," ಎಂದರು.

ಅರ್ಜಿಯಲ್ಲಿ ಯಾವ ಬೋರ್, ಅಂದರೆ ನಳಿಗೆಯ ಅಳತೆ ಎಷ್ಟು, ಎಂಬ ಒಂದು ಕಾಲಂ ಇತ್ತು. ಅಷ್ಟು ಸಾಕಾಯಿತು. ತುಮಕೂರಿನ ಮನೆಯಲ್ಲಿ ಎಂಟು ದಿನ ಕುಳಿತು ಅಧ್ಯಯನ ಮಾಡಿದೆ. ಪಾಯಿಂಟ್ ಟೂ ಟೂ ಕೋತಿಗೆ ಗದರಿಕೆಯಾದೀತು, ಹಂದಿಗೆ ಕಚಗುಳಿಯಾದೀತು. ಚಿಕ್ಕಪ್ಪನ ಕೋವಿಯದು ಹನ್ನೆರಡು ಬೋರು, ಅದರ ಸಣ್ಣ ಸೀಸದ ಚರೆ ಹತ್ತಿರಕ್ಕೆ ಸರಿ, ದೂರಕ್ಕೆ ನಿಷ್ಪ್ರಯೋಜಕ. ಆದ್ದರಿಂದ ಸಕಲ ಸಂದರ್ಭಕ್ಕೂ ಪಾಯಿಂಟ್ ತ್ರೀ ಒನ್ ಫೈವ್ ರೈಫಲ್ಲೇ ಸರಿಯೆಂದು ತೀರ್ಮಾನಿಸಿ, ಕುಣಿಗಲ್ಲಿನ ಷಡ್ಡಕರಿಗೆ ಫೋನಿನಲ್ಲೇ ಅರ್ಧ ಗಂಟೆ ಉಪನ್ಯಾಸ ಕೊಟ್ಟೆ. ಬಂದೂಕನ್ನು ನಾನು ಜನ್ಮದಲ್ಲಿ ಮುಟ್ಟಿರಲಿಲ್ಲವೆಂಬುದು ಬೇರೆ ಮಾತು.

ಗುಬ್ಬಿ ಬಸ್ಸು ಹತ್ತಿ ಕಡಬಕ್ಕೆ ಹೋಗಿ ಇದನ್ನೆಲ್ಲ ಚಿಕ್ಕಪ್ಪನಿಗೆ ಸವಿಸ್ತಾರವಾಗಿ ವಿವರಿಸಿದೆ. ಅವರು ಎಲೆಯಡಿಕೆ ಮಡಿಸುತ್ತಾ ಕೇಳಿದರು: "ಅದ್ರ ಗುಂಡು ಮೇಲಕ್ ಹೊಡುದ್ರೆ ಎಲ್ಲಿ ಬೀಳ್ತದ್ಲಾ?"

ಕೆರೆಯಾಚೆಗೆ, ಎಂದೆ.

"ಆಚೆಗೆ ಜನ ಇಲ್ವಾ?"

ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿ, ಮೇಲೆ ಹೋದದ್ದು ಕೆಳಗೆ ಬರುತ್ತದೆಂದು ಬೋರ್ಡಿನ ಮೇಲೆ ಕಮಾನು ಬರೆದು ತೋರಿಸಿದವನು ನಾನು. ಆ ಕಮಾನಿನ ಕೊನೆಯಲ್ಲಿ ಯಾರದೋ ಹಟ್ಟಿಯಿರಬಹುದೆಂದು ಎಂಟು ದಿನದ ಅಧ್ಯಯನದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ನಿಜಕ್ಕೂ ನಾಚಿಕೆಯಾಯಿತು.

ಆಮೇಲೆ ಚಿಕ್ಕಪ್ಪ ಮೆಲ್ಲಗೆ ತಾವು ಕೋವಿ ಬಿಡುತ್ತಿರುವ ನಿಜವಾದ ಕಾರಣ ಹೇಳಿದರು. ಕೋವಿಯೆತ್ತುವ ಮುನ್ನ "ಮರದ್ ಮ್ಯಾಲ್ ಯಾರಿದೀರಾ?" ಎಂದು ಮೂರು ಸಲ ಕೂಗುವುದು ಅವರ ನೇಮ. ನನಗೆ ಫೋನು ಮಾಡಿದ ದಿನ ಬೆಳಿಗ್ಗೆಯೂ ಕೂಗಿದ್ದರಂತೆ. ಉತ್ತರವಿರಲಿಲ್ಲ. ಗರಿ ಅಲುಗುತ್ತಿತ್ತು, ಮಂಜುಗಣ್ಣಿಗೆ ಕೋತಿಯೆಂದೇ ಕಂಡಿತು. ಕೋವಿಯನ್ನು ಮರದ ತುದಿಯತ್ತ ಎತ್ತಿ ಅದರ ಕುದುರೆಯ ಮೇಲೆ ಬೆರಳಿಟ್ಟಿದ್ದರು. ಅಷ್ಟರಲ್ಲಿ ಇಡೀ ಗೊನೆಯೊಂದು ದೊಪ್ಪನೆ ಬಿತ್ತು.

"ಕೋತಿ ಒಂದೊಂದೇ ಕಿತ್ತು ಎಸೀತದೆ ಕಣ್ಲಾ, ಗೊನೆ ಕಡ್ಯಲ್ಲ. ನಮ್ ರಂಗಸ್ವಾಮಿ ಮ್ಯಾಲಿದ್ದ. ಕಿವೀಗೆ ಇಯರ್‌ಫೋನ್ ಹಾಕ್ಕೊಂಡು ಹಾಡು ಕೇಳ್ತಾವ್ನೆ!" ರಂಗಸ್ವಾಮಿ ಇಪ್ಪತ್ತು ವರ್ಷದಿಂದ ನಮ್ಮ ತೋಟದ ಕಾಯಿ ಕೀಳುವವನು. ಅವನಿಗೆ ಈ ವಿಷಯ ಇನ್ನೂ ಗೊತ್ತಿಲ್ಲ.

ಕೋವಿ ಗೋಡೆಯ ಮೇಲೇ ಉಳಿಯಿತು. ಚಿಕ್ಕಪ್ಪ ನನ್ನನ್ನು ಬರಿಗೈಯಲ್ಲಿ ತೋಟಕ್ಕೆ ಕರೆದೊಯ್ದು ಮೊದಲು ಕೂಗುವುದನ್ನು ಕಲಿಸಿದರು. ಮೇಷ್ಟರ ಗಂಟಲಲ್ಲವೇ, ಮೂರು ಕೂಗಿಗೆ ನಾಲ್ಕು ಕೋತಿಗಳು ಬೇಲಿ ದಾಟಿದವು. ಮನುಷ್ಯರು ಯಾರೂ ಓಗೊಡಲಿಲ್ಲ.

"ಯಾರೂ ಇಲ್ಲ ಚಿಕ್ಕಪ್ಪ."

"ಕೂಗಿದ್ರೆ ಸಾಲ್ದು ಕಣೋ ಈಗ. ಹೋಗ್ ನೋಡು."

ಕತ್ತು ಮೇಲೆತ್ತಿಕೊಂಡು ಸಾಲಿನ ಒಂದೊಂದೇ ಮರದ ಬುಡಕ್ಕೆ ಹೋದೆ. ಮುಳ್ಳು ಚುಚ್ಚಿತು, ಏಳನೆಯ ಮರದ ಹತ್ತಿರ ನನ್ನ ಸರ್ವಸಮರ್ಥ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಹನ್ನೊಂದನೆಯ ಮರದ ತುದಿಯಲ್ಲಿ, ಕಿವಿಯಿಂದ ಬಿಳಿಯ ತಂತಿ ಇಳಿಬಿಟ್ಟುಕೊಂಡು, ರಂಗಸ್ವಾಮಿ ಕೂತಿದ್ದ. ನನ್ನನ್ನು ಕಂಡು ಕೈ ಬೀಸಿದ.

ಅರ್ಜಿಯಲ್ಲಿ ರೈಫಲ್ಲನ್ನು ಹೊಡೆದುಹಾಕಿ ಚಿಕ್ಕಪ್ಪನ ಹನ್ನೆರಡು ಬೋರನ್ನೇ ಬರೆದೆ. ಮರದ ಮೇಲೆ ಯಾರಿದ್ದಾರೆಂದು ನೋಡಿ ಹೇಳುವ ಬೋರು ಇನ್ನೂ ತಯಾರಾಗಿಲ್ಲ. ಅದಕ್ಕೆ ನಡೆದೇ ಹೋಗಬೇಕು. ಬರುವಾಗ ತುಮಕೂರಿನಲ್ಲಿ ಇಳಿದು, ತೋಟಕ್ಕೆಂದೇ ದಪ್ಪ ಅಟ್ಟೆಯ ಇನ್ನೊಂದು ಜೊತೆ ಚಪ್ಪಲಿ ಕೊಂಡೆ.