ನಲ್ಲಿ ಲೈನಿನ ಮಿಣಮಿಣ ಕಲ್ಲು

ನಾನು ಚಿಕ್ಕವಳಿದ್ದಾಗ ನನಗೆ ಬರುತ್ತಿದ್ದ ಇಂಗ್ಲಿಷು ಒಂದೇ ಮಾತು, ಲೈನು. ಊರಿಗಾಂನಲ್ಲಿ ಚಿನ್ನದ ಗಣಿ ಕೆಲಸದವರು ಇರುತ್ತಿದ್ದ ತಗಡಿನ ಮನೆಗಳ ಸಾಲಿಗೆ ಲೈನು ಅನ್ನುತ್ತಿದ್ದರು. ರೈಲು ಓಡುವ ಕಂಬಿಯೂ ಲೈನು. ಮೇಷ್ಟ್ರು ಹಲಗೆಯ ಮೇಲೆ ಎಳೆದ ಗೆರೆಯೂ ಲೈನು. ಆ ಗೆರೆ ದಾಟಿ ನಾನು ಹೆಚ್ಚು ಓದಲಿಲ್ಲ. ನಲ್ಲಿಯ ಮುಂದೆ ಬಿಂದಿಗೆ ಇಟ್ಟು ಕಾಯುವುದೂ ಲೈನೇ. ಈಗ ನೀವು ಮೊಮ್ಮಕ್ಕಳು ಕರೆಂಟಿಗೂ ಫೋನಿಗೂ ಅದನ್ನೇ ಹೇಳುತ್ತೀರಿ. ಪಾಪ, ಇಂಗ್ಲಿಷಿನವರಿಗೆ ಮಾತಿನ ಬರ ಇತ್ತೇನೋ ಅಂದುಕೊಂಡಿದ್ದೆ.

ಒಂದು ದಿನ ಅಪ್ಪ ನನ್ನನ್ನೂ ಅಕ್ಕನನ್ನೂ ರೈಲಿನಲ್ಲಿ ಬಂಗಾರಪೇಟೆಗೆ ಕರೆದುಕೊಂಡು ಹೋಗುತ್ತೇನೆ ಅಂದಿದ್ದ. ಅಲ್ಲಿ ಅತ್ತೆಯ ಮಗುವಿಗೆ ನಾಮಕರಣ. ನಾನು ಅದುವರೆಗೆ ರೈಲು ಹತ್ತಿರಲಿಲ್ಲ. ಬೆಳಗಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಅಪ್ಪ ಶಿಫ್ಟು ಮುಗಿಸ್ಕೊಂಡು ಬರೋದ್ರೊಳ್ಗೆ ನೀರು ಬೇಕು. ಮೈಯೆಲ್ಲಾ ದೂಳು ಇಟ್ಕೊಂಡು ಅವನು ಓಗಲ್ಲ. ನೀರಿಲ್ದಿದ್ರೆ ರೈಲೂ ಇಲ್ಲ ಕಣೇ," ಅಂದಳು ಅಕ್ಕ.

ಬೇತಮಂಗಲದ ಕೆರೆಯ ನೀರು ನಲ್ಲಿಗೆ ಬರುತ್ತಿದ್ದದ್ದು ಸ್ವಲ್ಪ ಹೊತ್ತು ಮಾತ್ರ. ಮನೆಯಲ್ಲಿದ್ದದ್ದು ಒಂದೇ ಬಿಂದಿಗೆ. ಅದನ್ನು ನಲ್ಲಿಯ ಹತ್ತಿರ ಬಿಟ್ಟು ಬರುವಂತಿರಲಿಲ್ಲ. ಹಾಗಾಗಿ ಮೊದಲೇ ಹೋಗಿ ಒಂದು ಕಲ್ಲಿಟ್ಟು ಬರುತ್ತಿದ್ದೆವು. ಕಲ್ಲು ಇದ್ದಲ್ಲಿ ನಮ್ಮ ಜಾಗ. ಎಲ್ಲರ ಕಲ್ಲೂ ಒಂದೇ ಥರ, ದಿನಾ ಜಗಳ. ಅವತ್ತು ಗುರುತಿಗೆ ಇರಲಿ ಅಂತ ನಾನು ಮಿಣಮಿಣ ಹೊಳೆಯುವ ಕಲ್ಲು ಇಟ್ಟೆ, ಮೂರನೆಯ ಜಾಗದಲ್ಲಿ.

ಬುದ್ಧಿಗೇಡಿ ಕೆಲಸ. ಗಣಿಯವರ ಲೈನಿನಲ್ಲಿ ಹೊಳೆಯುವ ಕಲ್ಲು ಸಿಕ್ಕರೆ ಕದ್ದ ಚಿನ್ನ ಅನ್ನುತ್ತಿದ್ದರು. ಆ ಮನೆಯವನ ಕೆಲಸವೇ ಹೋಗುತ್ತಿತ್ತು.

ನೀರು ಬರುವ ಹೊತ್ತಿಗೆ ಅಕ್ಕನ ಜೊತೆ ಓಡಿದೆ. ಗಣಿಯ ಕಾವಲುಗಾರ ನನ್ನ ಕಲ್ಲು ಹಿಡಿದು ನಿಂತಿದ್ದ. "ಯಾರ್ದು ಇದು?"

ಹೆಂಗಸರು ತಮ್ಮ ತಮ್ಮ ಬಿಂದಿಗೆ ಹತ್ತಿರಕ್ಕೆ ಎಳೆದುಕೊಂಡರು. ಅಕ್ಕ ನನ್ನ ತೋಳು ಚಿವುಟಿ, "ಸುಮ್ಕಿರು," ಅಂದಳು. ನಲ್ಲಿ ಬುಸ್ ಅಂದು ನೀರು ಬಿತ್ತು. ಮೊದಲನೆಯ ಬಿಂದಿಗೆ ತುಂಬಿತು. ಎರಡನೆಯದನ್ನು ಇಟ್ಟರು. ನನಗೆ ರೈಲು ಹೊರಟೇಹೋದಂತೆ ಆಯಿತು.

"ನಂದು!" ಎಂದು ಕೂಗಿಬಿಟ್ಟೆ.

"ನಿಮ್ಮಪ್ಪ ತಂದನಾ?"

"ಅಪ್ಪ ಯಾಕೆ ತತ್ತಾನೆ ಮಾಮ? ಬೇತಮಂಗಲದ ಕೆರೆ ಏರಿ ಮೇಲೆ ನಾನೇ ಎತ್ಕೊಂಡೆ. ಉಗುರಲ್ಲಿ ಕೆರೆದು ನೋಡು, ಎದ್ದು ಬತ್ತದೆ!"

ಅವನು ಕೆರೆದ. ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರ ಎದ್ದಿತು. ಆ ಕೈಯಲ್ಲೇ ಮೀಸೆ ಸವರಿಕೊಂಡ, ಅಲ್ಲಿಗೂ ಅಂಟಿಕೊಂಡು ಮಿನುಗಿತು.

"ಅಯ್ಯೋ, ಚಿನ್ನ ಅಲ್ಲ, ಬರೀ ಕಾಗೆಬಂಗಾರ! ಮೀಸೆಗೆ ಒಡವೆ ಆಯ್ತು ಬಿಡಪ್ಪ," ಅಂದಳು ಒಬ್ಬ ಅಜ್ಜಿ. ಲೈನಿಗೆ ಲೈನೇ ನಕ್ಕಿತು. ಅವನು ಕಲ್ಲನ್ನು ಮೋರಿಗೆ ಎಸೆದು ಹೋದ.

ಸಾಲಿನಲ್ಲಿ ನನ್ನ ಹಿಂದಿದ್ದವಳು ತಕ್ಷಣ ಬಿಂದಿಗೆ ಮುಂದೆ ತಳ್ಳಿದಳು. "ಕಲ್ಲೇ ಇಲ್ಲ, ನಿಂಗ್ಯಾವ ಜಾಗ ಕಣೇ?"

ನಾನು ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತೆ. "ಈಗ ನಾನೇ ಕಲ್ಲು. ಎತ್ತಿ ಎಸಿ ನೋಡಾನ!"

ಅವಳಿಗೂ ನಗು ಬಂತು. ಬಿಂದಿಗೆ ಹಿಂದಕ್ಕೆ ಎಳೆದುಕೊಂಡಳು. ನಮ್ಮ ಬಿಂದಿಗೆ ತುಂಬಿತು.

ಅಪ್ಪ ಬಂದು ತಣ್ಣೀರನ್ನೇ ಸುರಿದುಕೊಂಡ. ಒದ್ದೆ ತಲೆಯಲ್ಲೇ ಮೂವರೂ ಸ್ಟೇಷನ್ನಿಗೆ ಓಡಿದೆವು. ಅಪ್ಪ ನನ್ನನ್ನು ಮೂಟೆಯ ಹಾಗೆ ಎತ್ತಿ ಡಬ್ಬಿಯೊಳಗೆ ಹಾಕಿದ. ಕಲ್ಲಿದ್ದಲ ಹೊಗೆ, ಸುಟ್ಟ ಎಣ್ಣೆಯ ವಾಸನೆ, ಕೂಊ ಅನ್ನುವ ಸದ್ದು! ಗಿಡಮರ, ಗುಡ್ಡ, ರಾಗಿ ಹೊಲ ಎಲ್ಲಾ ಹಿಂದಕ್ಕೆ ಓಡಿದವು.

ನಿಮಗೆ ಮನೆಯೊಳಗೇ ನಾಲ್ಕು ನಲ್ಲಿ. ಒಳ್ಳೆಯದೇ ಆಯಿತು, ಆ ಕಾಲ ಚೆನ್ನಾಗಿತ್ತು ಎಂದು ನಾನು ಸುಳ್ಳು ಹೇಳುವುದಿಲ್ಲ. ಆದರೆ ನೀವು ರೈಲಿನಲ್ಲಿ ಕಿಟಕಿಯ ಪಕ್ಕ ಕೂತು ಫೋನು ನೋಡುತ್ತೀರಲ್ಲ, ಅದು ನನಗೆ ಅರ್ಥವಾಗುವುದಿಲ್ಲ. ಅವತ್ತು ಕಣ್ಣಿಗೆ ಇದ್ದಲ ಕಿಡಿ ಬಿದ್ದು ನೀರು ಸುರಿಯುತ್ತಿದ್ದರೂ, ಅಕ್ಕ ಜಾಗ ಬಿಡು ಅಂತ ಎಷ್ಟು ಕೇಳಿದರೂ, ಬಂಗಾರಪೇಟೆ ಬರುವವರೆಗೆ ನಾನು ಕಿಟಕಿ ಬಿಡಲಿಲ್ಲ.