ಬಾಗಿಲ ಮೇಲಿನ ಈಡು

ಅಮೆರಿಕದ ಉತ್ತರ–ದಕ್ಷಿಣಗಳ ಅಂತರ್ಯುದ್ಧ ಮುಗಿಸಿ ಮನೆಗೆ ಹೊರಟ ಸಿಪಾಯಿಗೆ ಅವನದೇ ಕೋವಿಯ ಬೆಲೆ ಆರು ಡಾಲರ್. ಬೇಕೆಂದವರ ಕೊನೆಯ ಸಂಬಳದಲ್ಲೇ ಸರ್ಕಾರ ಅದನ್ನು ಮುರಿದುಕೊಂಡಿತು. ಇಂದು ಅದೇ ಕೇಪಿನ ಕೋವಿ ಹರಾಜಿಗೆ ಬಂದರೆ ಸಾವಿರ ದಾಟುತ್ತದೆ. ಅದರೊಳಗೆ ಹಾರದೆ ಉಳಿದುಹೋದ ಮದ್ದುಗುಂಡಿನ ಈಡನ್ನು ತೆಗೆದುಕೊಡಲು ತೊಮಸೀನಾ ಕೇಪರ್ಸ್ ಕೇಳುವುದು ನಲವತ್ತು ಡಾಲರ್. ಕೈಯಲ್ಲಿ ಕಾಸಿಲ್ಲದವರಿಂದ ಒಂದು ಬುಟ್ಟಿ ಏಡಿ.

"ಏಡಿ ಕೊಡೋರೇ ಜಾಸ್ತಿ. ಅದಕ್ಕೇ ನೋಡಿ, ಬ್ಯಾಂಕಲ್ಲಿ ಏನೂ ಇಲ್ಲ, ಸೊಂಟದ ಸುತ್ತ ಎಲ್ಲಾ ಇದೆ," ಎಂದು ಅವರು ನಗುತ್ತಾರೆ.

ದಕ್ಷಿಣ ಕೆರೊಲಿನಾದ ಬ್ಯೂಫರ್ಟ್ ಊರಿನಾಚೆಯ ದ್ವೀಪದಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಕಡಲಿನ ಇಳಿತದ ಹೊತ್ತು, ಜೌಗಿನ ಕೆಸರು ವಾಸನೆ ಮನೆಯಂಗಳದವರೆಗೂ ಬಂದಿದೆ. ಅರವತ್ತಮೂರರ ತೊಮಸೀನಾ, ಹೆಸ್ಟರ್ ಅಜ್ಜಿ ಎಂಬವರ ಮನೆಯ ಜಗಲಿಯಲ್ಲಿ ಮಂಡಿಯೂರಿದ್ದಾರೆ. ಎದುರಿಗೆ ಹಳೆಯ ಹೊದಿಕೆಯ ಮೇಲೆ ಒಂದು ಉದ್ದ ಕೋವಿ. ಏಳು ಗಂಟೆಗೆಲ್ಲ ಅವರು ಸಿಗಡಿ ದೋಣಿಗಳ ಕಟ್ಟೆಯಲ್ಲಿರಬೇಕು. ಎಂಜಿನ್ ರಿಪೇರಿಯೇ ಹೊಟ್ಟೆಪಾಡಿನ ಕೆಲಸ. ಕೋವಿಯ ಕೆಲಸವೇನಿದ್ದರೂ ಅದಕ್ಕೆ ಮುಂಚೆ.

ಉದ್ದನೆಯ ಮರದ ಕೋಲನ್ನು ನಳಿಗೆಯೊಳಗೆ ಇಳಿಬಿಡುತ್ತಾರೆ. ಅದು ನಿಂತಲ್ಲಿ, ನಳಿಗೆಯ ಬಾಯಿಯ ಮಟ್ಟಕ್ಕೆ ಕೋಲಿನ ಮೇಲೆ ಸೀಮೆಸುಣ್ಣದ ಗೆರೆ. ಕೋಲನ್ನು ಹೊರತೆಗೆದು ನಳಿಗೆಯ ಪಕ್ಕಕ್ಕೆ ಹಿಡಿಯುತ್ತಾರೆ. ಖಾಲಿ ಕೋವಿಯಾದರೆ ಕೋಲು ಬುಡ ಮುಟ್ಟಬೇಕು. ಇದು ನಾಲ್ಕು ಬೆರಳು ಮೊದಲೇ ನಿಂತಿದೆ.

"ತುಂಬಿದೆ," ಎನ್ನುತ್ತಾರೆ ತೊಮಸೀನಾ.

ಹೆಸ್ಟರ್ ಅಜ್ಜಿಯ ಮೊಮ್ಮಗಳು ಲವೀನಿಯಾ ಬಾಗಿಲ ಚೌಕಟ್ಟನ್ನು ಹಿಡಿದುಕೊಳ್ಳುತ್ತಾಳೆ. ಎರಡು ಮಕ್ಕಳನ್ನು ಕಟ್ಟಿಕೊಂಡು ಆಕೆ ಅಜ್ಜಿಯ ಮನೆಗೆ ಬಂದು ಒಂದು ವರ್ಷ. ಮಕ್ಕಳ ಹಾಸಿಗೆ ಇರುವುದು ಈ ಕೋವಿ ತೂಗುವ ಬಾಗಿಲ ಕೆಳಗೇ. ಹೋದ ಭಾನುವಾರ ದೊಡ್ಡವನು ಕುರ್ಚಿ ಹತ್ತಿ, ಆಟದ ಪಿಸ್ತೂಲಿನ ಸಿಡಿಯುವ ಕೇಪನ್ನು ಇದಕ್ಕಿಟ್ಟು ಕೋವಿಯ ಕುದುರೆ ಎಳೆದಿದ್ದ. 'ಪಟ್' ಎಂದಿತ್ತು, ಅಷ್ಟೆ. ಕಿಡಿ ಹೋಗುವ ತೂತಿಗೆ ತುಕ್ಕು ಕಟ್ಟಿದ್ದರಿಂದ ಮನೆ ಉಳಿಯಿತು.

ಮೂಲೆಯ ಕುರ್ಚಿಯಿಂದ ತೊಂಬತ್ತೆರಡರ ಹೆಸ್ಟರ್ ಅಜ್ಜಿ ತಣ್ಣಗೆ ಹೇಳುತ್ತಾರೆ: "ನಂಗೊತ್ತಿತ್ತು."

"ಏನು ಗೊತ್ತಿತ್ತು? ಗೊತ್ತಿದ್ದೂ ಅದರ ಕೆಳಗೆ ನನ್ನ ಮಕ್ಕಳನ್ನ ಮಲಗಿಸ್ತಿದ್ದೆಯಾ?"

"ನಿನ್ನೂ ಅಲ್ಲೇ ಮಲಗಿಸಿದ್ದು. ಸತ್ತೆಯಾ?"

"ಅಜ್ಜೀ!"

"ನಿಮ್ಮಪ್ಪನೂ ಅಲ್ಲೇ ಮಲಗಿದ್ದ. ಅವನ ಗೊರಕೆಗೇ ಹಾರದ್ದು ಈಗ ಹಾರತ್ತಾ? ತೊಮಸೀನಾ, ಇದ್ದಲ್ಲೇ ನೇತುಹಾಕು ತಾಯಿ. ಕಾಫಿ ಕುಡಿದು ಹೊರಡು."

ತೊಮಸೀನಾ ಕಾಫಿ ಕುಡಿಯುತ್ತಾರೆ, ಹೊರಡುವುದಿಲ್ಲ. ಈ ಕೆಲಸದಲ್ಲಿ ತುಕ್ಕಿಗಿಂತ ಗಟ್ಟಿಯಾಗಿ ಕಚ್ಚಿಕೊಂಡಿರುವುದು ಮನೆಯವರ ಮಾತು ಎಂಬುದು ಅವರಿಗೆ ಗೊತ್ತು. ಅವರ ಅಪ್ಪ ಕಮ್ಮಾರ. ಗೇಟಿನ ತಿರುಗಣಿಗೆಂದು ಯಾರೋ ಕೊಟ್ಟ ಹಳೆಯ ನಳಿಗೆಯನ್ನು ಕುಲುಮೆಗಿಟ್ಟಿದ್ದ. ಒಳಗಿದ್ದ ಈಡು ಸಿಡಿದು ಒಂದು ಕಣ್ಣು ಹೋಯಿತು. "ನೂರು ವರ್ಷ ಆದ್ಮೇಲೆ ಹೊಡೆದ ಗುಂಡು ಅದು. ಅಪ್ಪ ಕೊನೇವರೆಗೂ ಕೇಳ್ತಿದ್ದ, ಯಾರಿಗೆ ಇಟ್ಟಿದ್ದನೋ ಪುಣ್ಯಾತ್ಮ, ನಂಗೆ ಬಿತ್ತು ಅಂತ." ಅಂದು ತೊಮಸೀನಾ ಈಡು ತೆಗೆಯುವುದನ್ನು ಕಲಿಯಲು ಹೊರಟಾಗ ಕಲಿಸುವವರೇ ಇರಲಿಲ್ಲ. ತಿರುಪುಮೊಳೆ, ತಂತಿ, ಹಾಳಾದ ಎಂಜಿನ್ನಿನ ಸರಳುಗಳಿಂದ ತಮ್ಮ ಹತಾರಗಳನ್ನು ತಾವೇ ಮಾಡಿಕೊಂಡರು. ವರ್ಷಕ್ಕೆ ಮೂವತ್ತು ಕೋವಿಗಳಾದರೂ ಬರುತ್ತವೆ. ಹಲವುಗಳಲ್ಲಿ ಸಿಗುವುದು ಕಣಜದ ಗೂಡು, ಗೋಲಿ, ಒಮ್ಮೆ ಯಾರದೋ ಮದುವೆಯ ಉಂಗುರ. ಕೆಲವು ತುಂಬಿರುತ್ತವೆ. ಹೊಳೆಯಾಚೆಯ ಬಿಳಿಯರ ದೊಡ್ಡ ಮನೆಗಳಿಂದಲೂ ಕರೆ ಬರುತ್ತದೆ. "ಎರಡೂ ಕಡೆಯ ಮದ್ದಿಗೆ ನೀರು ಬಿದ್ರೆ ಒಂದೇ ನಾತ. ಕೊಳೆತ ಮೊಟ್ಟೆ."

ಕಾಫಿಯ ಲೋಟ ಕೆಳಗಿಟ್ಟು ಅವರು ಕೇಳುತ್ತಾರೆ: "ಯಾರು ತುಂಬಿದ್ದು, ಅಜ್ಜೀ?"

ತುಂಬಿದವನು ಅಜ್ಜಿಯ ಮುತ್ತಾತ ಪ್ರಿನ್ಸ್ ಚಿಸೋಮ್. ಹತ್ತಿಯ ತೋಟದಲ್ಲಿ ಗುಲಾಮನಾಗಿ ಹುಟ್ಟಿ, ಉತ್ತರದ ಸೈನ್ಯ ಸೇರಿ, ಆರು ಡಾಲರಿಗೆ ಕೋವಿ ಕೊಂಡು ಮನೆಗೆ ಬಂದವನು. ಅವನು ಅಂದೇ ಕೋವಿ ಕೆಳಗಿಟ್ಟ, ಯುದ್ಧ ಅಲ್ಲಿಗೆ ಮುಗಿಯಿತು ಎಂದು ಚರ್ಚಿನಲ್ಲಿ ಪ್ರತಿ ವರ್ಷ ಹೇಳುತ್ತಾರೆ. ಮನೆಯ ಕತೆ ಬೇರೆ. ಹತ್ತು ವರ್ಷದ ಮೇಲೆ, ಚುನಾವಣೆಯ ವರ್ಷ, ಕರಿಯರು ಮತ ಹಾಕದಂತೆ ಬೆದರಿಸುವ ಕೆಂಪಂಗಿಯ ಬಿಳಿ ಸವಾರರು ಹೊಳೆಯಾಚೆ ಮನೆಗಳಿಗೆ ನುಗ್ಗುತ್ತಿದ್ದಾರೆಂದು ಸುದ್ದಿ ಬಂತು. ಮದ್ದಿತ್ತು, ಗುಂಡಿರಲಿಲ್ಲ.

"ಬೀಸುಬಲೆಯ ಸೀಸ ಕತ್ತರಿಸಿ ತುಂಬಿದ," ಎನ್ನುತ್ತಾರೆ ಅಜ್ಜಿ. "ನಮ್ಮಜ್ಜಿ, ಅವನ ಮಗಳು, ಆಗ ಎಂಟು ವರ್ಷದವಳು. ಅವಳ ಲಂಗದ ಅಂಚು ಹರಿದು ಮೇಲೆ ಗಿಡಿದ. ಸೀಸ ಇಲ್ಲದ ಬಲೆ ಮುಳುಗತ್ತಾ? ಆ ಚಳಿಗಾಲವಿಡೀ ಮನೇಲಿ ಮೀನಿಲ್ಲ, ಬರೀ ಜೋಳದ ಗಂಜಿ. ಆದ್ರೆ ಯಾರೂ ಬರಲಿಲ್ಲ. ಯಾಕೆ ಬರಲಿಲ್ಲ? ಚಿಸೋಮ್ ಮನೆ ಕೋವಿ ತುಂಬಿದೆ ಅಂತ ಎಲ್ಲರಿಗೂ ಗೊತ್ತಿತ್ತು. ಇವತ್ತು ತೆಗೆಸಿದ್ರೆ ನಾಳೆ ನನ್ನ ಮಾತಿಗೆ ಏನು ಬೆಲೆ?"

"ಗೊತ್ತಿತ್ತು ಅಂದ್ರೆ, ಯಾರಾದ್ರೂ ನಳಿಗೆಯೊಳಗೆ ಇಣುಕಿ ನೋಡಿದ್ರಾ?" ತೊಮಸೀನಾ ಕೇಳುತ್ತಾರೆ.

"ಇಣುಕೋ ಗಂಡಸು ಯಾರಿದ್ದ!"

"ಮತ್ತೆ ಹೇಗೆ ಗೊತ್ತಾಯ್ತು?"

"ಹೇಗೆ ಅಂದ್ರೆ? ನಾವು ಹೇಳಿದ್ವಿ."

"ಹಾಗಾದ್ರೆ ಮನೆ ಕಾದಿದ್ದು ನಿಮ್ಮ ಮಾತು, ಅಜ್ಜೀ. ಮಾತು ನಿಮ್ಮ ಹತ್ರಾನೇ ಇರಲಿ. ಮದ್ದು ನಾನು ತಗೊಂಡು ಹೋಗ್ತೀನಿ."

ಅಜ್ಜಿ ತೊಮಸೀನಾ ಕಡೆ ಬೆರಳು ತೋರುತ್ತಾರೆ. "ಖಾಲಿ ಅಂತ ಹೊರಗೆ ಬಾಯಿಬಿಟ್ಟರೆ, ನಿನ್ನ ಶವಸಂಸ್ಕಾರದಲ್ಲಿ ನಾನೇ ಹಾಡ್ತೀನಿ."

"ನಿಮ್ಮ ರಾಗ ಕೇಳಿದೀನಿ. ಬಾಯಿಬಿಡಲ್ಲ."

ತೊಮಸೀನಾ ಕೇಪು ಕೂರುವ ತೂತಿನ ತುಕ್ಕು ಬಿಡಿಸಿ, ಅಲ್ಲಿಂದ ಪಿಚಕಾರಿಯಲ್ಲಿ ನೀರು ಬಿಡುತ್ತಾರೆ. ನಳಿಗೆಯ ಬಾಯಿಂದಲೂ ಹೊಯ್ಯುತ್ತಾರೆ. ಮದ್ದು ಪೂರ್ತಿ ನೆನೆದು ಸಾಯುವವರೆಗೆ ಕೋವಿ ಜಗಲಿಯ ಕಂಬಕ್ಕೆ ಒರಗಿರುತ್ತದೆ, ಮಕ್ಕಳು ನೆರೆಮನೆಯಲ್ಲಿ. ನಾಲ್ಕನೆಯ ದಿನದ ಬೆಳಿಗ್ಗೆ ಕೊಕ್ಕೆ ಕಟ್ಟಿದ ಸರಳನ್ನು ಒಳಗಿಳಿಸಿ, ಕಿವಿಗೊಟ್ಟು, ನಿಧಾನಕ್ಕೆ ತಿರುವುತ್ತಾರೆ. ಮೊದಲು ಬರುವುದು ಬಟ್ಟೆ: ಕಪ್ಪಾಗಿದೆ, ಮಡಿಕೆ ಬಿಡಿಸಿದರೆ ಒಳಗೆ ನೀಲಿ ಚೌಕಳಿ ಕಾಣುತ್ತದೆ. ಹಿಂದೆಯೇ ಸೀಸದ ತುಂಡುಗಳು. ಒಂದೊಂದರಲ್ಲೂ ಹಗ್ಗ ಪೋಣಿಸುವ ತೂತು. ಕೊನೆಗೆ ಕರಿ ಗಸಿ, ಕೊಳೆತ ಮೊಟ್ಟೆಯ ನಾತ.

ಲವೀನಿಯಾ ಮೂಗು ಮುಚ್ಚುತ್ತಾಳೆ. ಅಜ್ಜಿ ಮುಚ್ಚುವುದಿಲ್ಲ. ಬಟ್ಟೆಯ ಚೂರನ್ನು ಮಡಿಲಲ್ಲಿ ಹರವಿಕೊಂಡು ಬೆರಳಿಂದ ಒತ್ತುತ್ತಾರೆ. ಆಮೇಲೆ ಸೀಸಗಳನ್ನು ಮೊಮ್ಮಗಳ ಕೈಗೆ ಹಾಕುತ್ತಾರೆ. "ಬಲೆಯದ್ದು ಬಲೆಗೆ ಕಟ್ಟು."

ಕೋವಿ ಮತ್ತೆ ಬಾಗಿಲ ಮೇಲೇರುತ್ತದೆ. ದಾರಿಯಲ್ಲಿ ಹೋಗುತ್ತಿದ್ದ ನೆರೆಯವನೊಬ್ಬ, ಆ ಮನೆ ದಾಟುವಾಗ ಎಲ್ಲರೂ ಕೂಗುವಂತೆ, ತಾನೂ ಕೂಗುತ್ತಾನೆ: "ಹೆಸ್ಟರ್ ಅಜ್ಜೀ, ಕೋವಿ ಇನ್ನೂ ತುಂಬಿದೆಯಾ?"

"ಬಂದು ಇಣುಕಿ ನೋಡೋ!"

ಅವನು ನಗುತ್ತ ಮುಂದೆ ಹೋಗುತ್ತಾನೆ. ಇಣುಕುವುದಿಲ್ಲ.

ತೊಮಸೀನಾ ಟ್ರಕ್ಕಿಗೆ ಹತಾರ ತುಂಬುತ್ತಾರೆ. ಈ ಬರಹದಲ್ಲಿ ಆ ಮನೆಯವರ ಹೆಸರುಗಳನ್ನು ಬದಲಿಸಿರುವುದು ತೊಮಸೀನಾ ಹಾಕಿದ ಷರತ್ತಿನ ಮೇರೆಗೆ. ದ್ವೀಪದಲ್ಲಿ ಬಾಗಿಲ ಮೇಲೆ ಕೋವಿ ಇರುವ ಮನೆಗಳು ಇನ್ನೂ ಇವೆ. ಯಾವುದು ತುಂಬಿದೆ, ಯಾವುದು ಖಾಲಿ ಎಂದು ಹೊರಗಿನವರಲ್ಲಿ ಬಲ್ಲವರು ಅವರೊಬ್ಬರೇ. ಹೇಳುವುದಿಲ್ಲ. "ನಾನು ಹೋಗೋದ್ರೊಳಗೆ ಎಲ್ಲಾ ಖಾಲಿ ಆಗ್ಬೇಕು. ಖಾಲಿ ಅಂತ ಯಾರಿಗೂ ಗೊತ್ತಾಗ್ಬಾರದು. ಅಷ್ಟೇ ಆಸೆ."

ಆ ಮನೆಯಿಂದ ಹೋದದ್ದು ನಾಲ್ಕು ಬೆರಳಿನಷ್ಟು ಈಡು. ಸಿಕ್ಕಿದ್ದು ಮಕ್ಕಳಿಗೆ ನಿದ್ದೆ, ಬಲೆಗೆ ಅದರ ಸೀಸ, ತೊಮಸೀನಾಗೆ ಒಂದು ಬುಟ್ಟಿ ಏಡಿ.