ಹೊಲಿಗೆಯ ಕಾವಲು

ಹುಮನಾಬಾದಿನ ಆಸ್ಪತ್ರೆಯಲ್ಲಿ ಮಗಳು ಶೀತಲ್‌ಗೆ ಹೊಟ್ಟೆ ಕೊಯ್ದು ಹೆರಿಗೆ ಮಾಡಿಸಿದಂದಿನಿಂದ ಭಾಗಮ್ಮ ವಾರ್ಡಿನ ಬಾಗಿಲು ಬಿಟ್ಟು ಕದಲಲಿಲ್ಲ. ದುಬಲಗುಂಡಿಯಿಂದ ಬಸ್ಸಿಳಿದು ಬಂದ ಬೀಗರನ್ನೂ ತಡೆದು, "ಮೊದಲ ಸಾಬೂನ್ ಹಚ್ಚಿ ಕೈ ತೊಳ್ಕೊಂಡ್ ಬರ್ರಿ. ಹೊಲಿಗಿಗೆ ಕೀವಾದ್ರ ಜೀವಕ್ಕ ಬರ್ತದ" ಎನ್ನುತ್ತಿದ್ದಳು. ಡಾಕ್ಟರನ್ನೂ ಬಿಡುತ್ತಿರಲಿಲ್ಲ: "ಸಾಹೇಬ್ರ, ನೀವೂ ತೊಳ್ಕೋರಿ." ಒಂದು ನೊಣ ಹಾರಿದರೂ ಓಡಿಸುತ್ತಿದ್ದಳು, ಮಗಳ ಮೈ ಬಿಸಿಯಾಯಿತೇ ಎಂದು ನರ್ಸಮ್ಮನನ್ನು ಕರೆಕರೆದು ನೋಡಿಸುತ್ತಿದ್ದಳು. ಕೊನೆಗೆ ಡಾಕ್ಟರು ಪಟ್ಟಿ ಬಿಚ್ಚಿ, "ಹೊಲಿಗಿ ಛಲೋ ಒಣಗ್ಯಾದ" ಎಂದಾಗ ಶೀತಲ್ ನಕ್ಕು, "ಇನ್ನರೆ ಕೂಸಿನ್ನ ಎತ್ಕೋ, ಯವ್ವಾ" ಎಂದಳು. ಭಾಗಮ್ಮ ಸೆರಗಿನೊಳಗೆ ಮುಚ್ಚಿಟ್ಟಿದ್ದ ಬಲಗೈ ಹೊರತೆಗೆದಳು. ಜೋಳ ಕೊಯ್ಯುವಾಗ ಕುಡುಗೋಲು ತಾಗಿದ ಬೆರಳು ಕೀವುಗಟ್ಟಿ ಬಾತಿತ್ತು. ಬಂದಾಗಿನಿಂದ ಅವಳು ಮಗಳನ್ನಾಗಲಿ ಮೊಮ್ಮಗಳನ್ನಾಗಲಿ ಒಮ್ಮೆಯೂ ಮುಟ್ಟಿರಲಿಲ್ಲ.